ಎಡಗಡೆಯ ಎತ್ತು

ನ್ಯಾಮತಿ ಬಸ್ಸು ಹೊರಡುವ ಹೊತ್ತಿಗೆ ಬೀರಲಿಂಗಪ್ಪನಿಗೆ ಇಂಕ್ ಪ್ಯಾಡಿನ ಮುಚ್ಚಳ ಸರಿಯಾಗಿ ಹಾಕಿದ್ದೆನೋ ಇಲ್ಲವೋ ಎಂಬ ಅನುಮಾನ ಬಂತು. ಚೀಲದೊಳಗೆ ಕೈ ಹಾಕಿ ಮುಟ್ಟಿ ನೋಡಿದ. ಹಾಕಿತ್ತು. ಕೈ ತೆಗೆದ ಮೇಲೆ, ಮುಟ್ಟಿದ ಒತ್ತಿಗೇ ಅದು ಸಡಿಲಾಯಿತೇನೋ ಅನ್ನಿಸಿ ಮತ್ತೆ ಕೈ ಹಾಕಿದ. ಪಕ್ಕದಲ್ಲಿ ಕೂತಿದ್ದ ಮುದುಕ ತನ್ನ ಗಂಟನ್ನು ಇನ್ನೊಂದು ತೊಡೆಗೆ ವರ್ಗಾಯಿಸಿಕೊಂಡು ಇವನನ್ನು ನೋಡಿದ. ಕಳ್ಳನನ್ನು ನೋಡಿದ ಹಾಗೆ ಏನಲ್ಲ, ಸುಮ್ಮನೆ ನೋಡಿದ. ಆದರೆ ಬೀರಲಿಂಗಪ್ಪನಿಗೆ ಒಂದು ವಾರದಿಂದ ಯಾರು ಸುಮ್ಮನೆ ನೋಡಿದರೂ ಹಾಗೇ ಅನ್ನಿಸುತ್ತಿತ್ತು. ಕಂಡಕ್ಟರು ಬಂದು, ಹುಣಸೆಹಟ್ಟಿ ಗೇಟು ಅಂದಿದ್ದಕ್ಕೆ, "ಅಲ್ಲಿ ಸ್ಟಾಪ್ ಇಲ್ರೀ, ನ್ಯಾಮತಿಗಂಟ ಟಿಕೆಟ್ ತಗಳ್ರಿ, ಡ್ರೈವರಿಗೆ ಹೇಳಿ ಇಳ್ಕಳ್ರಿ" ಎಂದ. ಇಳಿಯುವುದು ಅರ್ಧದಾರಿಯಲ್ಲಿ, ಕೊಡುವುದು ಪೂರ್ತಿ. ಇದು ನ್ಯಾಯವಲ್ಲ ಎಂದು ಹೇಳಬೇಕೆಂದುಕೊಂಡ. ಹೇಳುವ ಮಾತನ್ನು ಮನಸ್ಸಿನಲ್ಲೇ ಒಂದು ಸಲ ಬರೆದು, ಒಂದು ಪದ ತಿದ್ದಿ, ಸಿದ್ಧ ಮಾಡುವಷ್ಟರಲ್ಲಿ ಕಂಡಕ್ಟರು ಮುಂದಿನ ಸೀಟಿಗೆ ಹೋಗಿಬಿಟ್ಟಿದ್ದ.

ಎಲ್ಲವನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು ಆಮೇಲೆ ಇಂಕಿನಲ್ಲಿ ತಿದ್ದುವುದು ಅವನ ಅಭ್ಯಾಸ. ದಾವಣಗೆರೆಯಲ್ಲಿ ಹಗಲೆಲ್ಲ ಮಿಲ್ಲಿನಲ್ಲಿ ದುಡಿದು ಸಂಜೆ ಕಾಲೇಜಿಗೆ ಹೋಗುತ್ತಿದ್ದಾಗ ಹತ್ತಿದ್ದು. ಆರೂವರೆಗೆ ಶುರುವಾಗುವ ಕ್ಲಾಸಿನಲ್ಲಿ ಕಿವಿಯೊಳಗೆ ಇನ್ನೂ ಮಗ್ಗ ಆಡುತ್ತಲೇ ಇರುತ್ತಿತ್ತು. ಲೆಕ್ಚರರು ಹೇಳಿದ್ದರಲ್ಲಿ ಯಾವುದು ಕೇಳಿದ್ದು, ಯಾವುದು ತಾನು ತೂಕಡಿಕೆಯಲ್ಲಿ ಸೇರಿಸಿಕೊಂಡಿದ್ದು ಎಂಬುದು ಗೊತ್ತಾಗದೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡು ಮಾರನೆಯ ದಿನ ಹಗಲಿನಲ್ಲಿ ಕಲಿತವರನ್ನು ಕೇಳಿ ಖಚಿತ ಮಾಡಿಕೊಳ್ಳುತ್ತಿದ್ದ. ಥರ್ಡ್ ಕ್ಲಾಸಿನಲ್ಲಿ ಪಾಸಾದ. ಈ ಊರಿನ ಪುರಸಭೆಯಲ್ಲಿ ದಿನಗೂಲಿ ಗುಮಾಸ್ತನಾಗಿ ಸೇರಿ ಐದು ವರ್ಷವಾದರೂ, ಹಗಲಿನಲ್ಲಿ ಕಲಿತವರ್ಯಾರೋ ಬಂದು ತಾನು ಬರೆದಿದ್ದನ್ನೆಲ್ಲ ಒಂದು ದಿನ ತಿದ್ದುತ್ತಾರೆ ಎಂಬ ಭಯ ಹೋಗಿರಲಿಲ್ಲ.

"ಹುಣಸೆಹಟ್ಟಿ ಬೈಲಪ್ಪನ ಹತ್ರ ಒಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಬಂದುಬಿಡ್ರಿ, ಅಷ್ಟೇ" ಎಂದಿದ್ದರು ನಿನ್ನೆ ಸಂಜೆ ಚೀಫ್ ಆಫೀಸರ್ ಜಯದೇವಪ್ಪ, ಫೈಲಿನಿಂದ ತಲೆ ಎತ್ತದೆ. "ಆರು ದಂಡದ ಚೀಟಿನೂ ನನ್ನ ಗಾಡಿವೇ, ತಕರಾರಿಲ್ಲ ಅಂತ ಒಪ್ಪಿಗೆ ಪತ್ರ. ಅವನ ಹೆಂಡ್ತಿ ಯಾರೋ ಮೇಷ್ಟ್ರು ಕೈಲಿ ಅರ್ಜಿ ಬರೆಸಿ ಕಳ್ಸೈತೆ ನೋಡ್ರಿ, ಅದಕ್ಕೆ ಉತ್ತರ ಆಗ್ಬೇಕಲ್ಲ. ಪಟ್ಟಿ ನೀವೇ ಮಾಡಿದ್ದು, ನೀವೇ ಹೋದ್ರೆ ಚೆಂದ." ಆಮೇಲೆ ಇನ್ನೊಂದು ಹಾಳೆ ತಿರುವಿ, ಬೇರೆ ಯಾವುದೋ ಸಂಗತಿ ಹೇಳುವವರ ಹಾಗೆ, "ಶುಕ್ರವಾರ ಮೀಟಿಂಗು ಐತೆ. ನಿಮ್ಮ ಖಾಯಂ ಫೈಲೂ ಅವತ್ತೇ ಬರ್ತದೆ" ಎಂದರು. ಎರಡು ಮಾತಿನ ನಡುವೆ ಒಂದು ಹಾಳೆ ತಿರುವಿದ ಸದ್ದು. ಅಷ್ಟೇ. ಆ ಹಾಳೆ ತಿರುವಿದ್ದನ್ನು ಬೀರಲಿಂಗಪ್ಪ ರಾತ್ರಿಯಿಂದ ಎಷ್ಟು ಸಲ ಕೇಳಿಸಿಕೊಂಡಿದ್ದನೋ.

ಬಸ್ಸು ಊರು ದಾಟುತ್ತಿದ್ದಂತೆ ಸುತ್ತಲ ಊರುಗಳಿಂದ ಸಂತೆಗೆ ಬರುತ್ತಿದ್ದ ಗಾಡಿಗಳು ಸಾಲಾಗಿ ಎದುರಾದವು. ಬೀರಲಿಂಗಪ್ಪ ಬೇಡವೆಂದರೂ ಎತ್ತುಗಳನ್ನು ಓದತೊಡಗಿದ. ಹಣೆಯಲ್ಲಿ ಬಿಳಿಬೊಟ್ಟು, ಚನ್ನಗಿರಿ ದಾರಿಯ ಹನುಮಂತಪ್ಪ. ಕೊಂಬಿಗೆ ಹಿತ್ತಾಳೆ ಅಣಸು, ಸಂತೇಬೆನ್ನೂರಿನ ಕಡೆಯವರು. ಗಾಡಿಗೆ ನಂಬರ್ ಪ್ಲೇಟ್ ಇಲ್ಲ. ಲಾರಿ, ಟೆಂಪೊ, ಸ್ಕೂಟರು ಅಡ್ಡಾದಿಡ್ಡಿ ನಿಂತರೆ ನಂಬರು ನೋಡಿ ನಿಲುಗಡೆ ದಂಡದ ಚೀಟಿ ಹರಿದು ಕೊಡಬಹುದು. ಬಸ್ ಸ್ಟ್ಯಾಂಡಿನ ಬಾಯಿಗೇ ಗಾಡಿ ಬಿಟ್ಟು ಮಂಡಿಗೆ ಹೋಗಿ ಕೂತವನಿಗೆ ಹೇಗೆ ಕೊಡುವುದು? ಪುರಸಭೆಯ ಜವಾನ ಹನುಮಣ್ಣ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದ. ಎತ್ತಿನ ಗುರುತು ಬರೆಯುತ್ತಿದ್ದ. 'ಎರಡೂ ಬಿಳಿ, ಒಂದಕ್ಕೆ ಮೆಳ್ಳಗಣ್ಣು.' 'ಕಂದು, ಬಾಲದ ಕುಚ್ಚು ಇಲ್ಲ.' ಆ ಚೀಟಿಗಳು ಬೀರಲಿಂಗಪ್ಪನ ಮೇಜಿಗೆ ಬಂದ ಮೇಲೆ ಅವನು ಎತ್ತಿನಿಂದ ಗಾಡಿಯನ್ನು, ಗಾಡಿಯಿಂದ ಮನುಷ್ಯನನ್ನು ಹುಡುಕಬೇಕು. ಹುಡುಕುತ್ತಿದ್ದ. ಜಗಳೂರಿನ ಕಡೆ ಅವನಪ್ಪ ಮೂವತ್ತು ವರ್ಷ ಕಲ್ಲು ಹೇರುವ ಗಾಡಿ ಹೊಡೆದವನು. ಎತ್ತನ್ನು ನೋಡಿ ಮನೆತನ ಹೇಳುವುದು ಬೀರಲಿಂಗಪ್ಪನಿಗೆ ಯಾವ ಕಾಲೇಜಿನಲ್ಲೂ ಕಲಿಯದೆ ಬಂದಿತ್ತು. ಅದೊಂದರಲ್ಲೇ ಅವನಿಗೆ ತನ್ನ ಮೇಲೆ ಅನುಮಾನವಿರಲಿಲ್ಲ.

ಒಂದೇ ತೊಡಕು. ಹನುಮಣ್ಣ ಚೀಟಿ ಬರೆಯುವುದು ಗಾಡಿಯ ಮುಂದೆ ನಿಂತು, ಎತ್ತುಗಳಿಗೆ ಎದುರಾಗಿ. ಅವನ ಎಡಗೈ ಕಡೆಗಿರುವುದು ಅವನ ಪಾಲಿಗೆ ಎಡಗಡೆಯ ಎತ್ತು. ಆದರೆ ಗಾಡಿಯವನಿಗೆ ಎಡ ಬಲವೆಂದರೆ ಮೂಕಿಯ ಮೇಲೆ ಕೂತು ಹಿಂದಿನಿಂದ ನೋಡಿದ್ದು. ಎಡಕ್ಕೆ ಪಳಗಿದ ಎತ್ತು ಸಾಯುವ ತನಕ ಎಡಕ್ಕೇ. "ಲೋ ಹನುಮಣ್ಣ, ಹಿಂದೆ ನಿಂತು ಬರಿ ಮಾರಾಯ" ಎಂದು ಮೊದಮೊದಲು ಹೇಳಿದ್ದ. "ಹಿಂದೆ ನಿಂತ್ರೆ ಗಾಡಿಯೋನು ಓಡಿ ಬಂದು ಹೊಡ್ಕೊಂಡು ಹೋಗ್ತಾನಲ್ಲ ಸಾಮಿ! ಮುಂದೆ ನಿಂತ್ರೆ ನನ್ನ ಮೇಲೇ ಹೊಡೀಬೇಕು" ಎಂದು ಹನುಮಣ್ಣ ನಕ್ಕಿದ್ದ. ಅಂದಿನಿಂದ ಬೀರಲಿಂಗಪ್ಪ ಎಡಬಲ ಬಂದ ಚೀಟಿಯ ಮೇಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಒಂದು ಬಾಣ ಎಳೆಯುತ್ತಿದ್ದ. ಬಾಣ ಎಂದರೆ ತಿರುಗಿಸಿ ಓದು ಎಂದರ್ಥ. ಹನುಮಣ್ಣನ ಎಡ, ಗಾಡಿಯ ಬಲ. ಐದು ವರ್ಷ ಹೀಗೆ ನಡೆಯಿತು. ಚೀಟಿ ತಪ್ಪು ಮನೆಗೆ ಹೋಗಿದ್ದಿಲ್ಲ.

ಯುಗಾದಿ ಕಳೆದ ಮೇಲೆ ಪುರಸಭೆ ಇಡೀ ನಿಲುಗಡೆಯ ಕೆಲಸವನ್ನೇ ಹರಾಜಿಗೆ ಇಟ್ಟಿತು. ಇನ್ನು ಮೇಲೆ ಚೀಟಿ ಬರೆಯುವುದು, ಪಟ್ಟಿ ಮಾಡುವುದು, ನೋಟಿಸು ಕಳಿಸುವುದು, ವಸೂಲು ಮಾಡುವುದು ಎಲ್ಲ ದಾವಣಗೆರೆಯ ಒಂದು ಏಜೆನ್ಸಿಯದು. ಅದರ ವಿರೂಪಾಕ್ಷಪ್ಪ ಎಂಬ ಮನುಷ್ಯ, ಸಫಾರಿ ಹಾಕಿಕೊಂಡು ಬಂದವನು, ಹಳೆಯ ಚೀಟಿಗಳ ಗೋಣಿಚೀಲ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ರೀ ಇದು! ಮೆಳ್ಳಗಣ್ಣಿನ ಎತ್ತಿಗೆ ನಾನು ನೋಟಿಸ್ ಕೊಡ್ಲಾ? ಎತ್ತೇನು ಸಹಿ ಹಾಕ್ತದಾ? ನಮಗೆ ಎತ್ತು ಗಿತ್ತು ಬೇಡ. ಹೆಸರು, ಊರು, ಎಷ್ಟು ಚೀಟಿ. ಟೈಪ್ ಮಾಡಾಕೆ ಹೋಗ್ಬೇಕು." ಮೂರು ದಿನ ಕೊಟ್ಟರು. ಇನ್ನೂ ಹೆಸರು ಹಚ್ಚದೆ ಉಳಿದ ಮುನ್ನೂರ ನಲವತ್ತು ಚೀಟಿ. ಬೀರಲಿಂಗಪ್ಪ ಮೂರು ದಿನವೂ ಗೋಣಿಚೀಲದ ಮುಂದೆ ಕೂತು ಎತ್ತುಗಳನ್ನೆಲ್ಲ ಮನುಷ್ಯರನ್ನಾಗಿ ಮಾಡಿದ. ಆರು ಚೀಟಿಯಲ್ಲಿ ಹನುಮಣ್ಣ ಬರೆದಿದ್ದ: 'ಎಡಗಡೆ ಎತ್ತಿನ ಕೊಂಬು ಮುರಿದದ್ದು.' ಸುತ್ತಮುತ್ತ ಕೊಂಬು ಮುರಿದ ಎತ್ತಿನ ಗಾಡಿ ಎರಡೇ. ಒಂದು ಇಟ್ಟಿಗೆ ಹೇರುವ ಹುಣಸೆಹಟ್ಟಿಯ ಬೈಲಪ್ಪನದು. ಅದರಲ್ಲಿ ಎಡಗಡೆಯದು ಮುರಿದಿತ್ತು. ಇನ್ನೊಂದು ಬಸ್ ಸ್ಟ್ಯಾಂಡಿನ ಎದುರಿನ ಮಂಡಿಯ ಮಹೇಶ್ವರಪ್ಪನದು, ಅದರಲ್ಲಿ ಬಲಗಡೆಯದು. ತಿರುಗಿಸಿ ಓದಿದರೆ ಆರೂ ಮಹೇಶ್ವರಪ್ಪನವು. ಪಟ್ಟಿಯಲ್ಲಿ ಬೀರಲಿಂಗಪ್ಪ ಬರೆದಿದ್ದು: ಬೈಲಪ್ಪ, ಹುಣಸೆಹಟ್ಟಿ, ಆರು.

ಎಡಬಲ ಬಂದ ಉಳಿದ ಚೀಟಿಗಳಿಗೆಲ್ಲ ಬಾಣವಿತ್ತು. ಆ ಆರಕ್ಕೆ ಇರಲಿಲ್ಲ.

ಆಯಾಸ, ಎಂದುಕೊಂಡ ಈಗ ಬಸ್ಸಿನಲ್ಲಿ, ನೂರನೇ ಸಲ. ಮೂರನೆಯ ದಿನದ ಸಂಜೆ, ಕಣ್ಣು ಉರಿಯುತ್ತಿತ್ತು, ಬಲ್ಬು ಮಂಕಾಗಿತ್ತು. ಮನುಷ್ಯ ಮರೆಯುತ್ತಾನೆ. ಆದರೆ ಆರು ಚೀಟಿ ಒಂದೇ ಕಡೆ ಇರಲಿಲ್ಲವಲ್ಲ. ಒಂದು ಮೊದಲ ದಿನ ಸಿಕ್ಕಿದ್ದು, ಎರಡು ಮಾರನೆಯ ದಿನ, ಉಳಿದವು ಮೂರನೆಯ ದಿನ. ಮೂರು ದಿನವೂ, ಆ ಒಂದು ಗುರುತು ಬಂದಾಗ ಮಾತ್ರ, ಕೈ ಕೆಂಪು ಪೆನ್ಸಿಲಿನ ಕಡೆಗೆ ಹೋಗಿರಲಿಲ್ಲ. ಹಾಗಾದರೆ ಕೈಗೆ ಗೊತ್ತಿತ್ತು. ಕೈಗೆ ಗೊತ್ತಿದ್ದುದು ತಲೆಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ತಾನೇ ನಂಬುತ್ತೇನೆಯೇ? ಈ ಊರಿಗೆ ಬಂದ ಹೊಸದರಲ್ಲಿ ಅವನು ಬಾಡಿಗೆ ಕೋಣೆಗಾಗಿ ಹನ್ನೊಂದು ಮನೆ ತಿರುಗಿದ್ದ. ಎಲ್ಲರೂ ಮೊದಲು ಹೆಸರು ಕೇಳಿದರು, ಆಮೇಲೆ ಊರು, ಆಮೇಲೆ ಅಪ್ಪನ ಹೆಸರು, ಆಮೇಲೆ ಕೋಣೆ ಖಾಲಿ ಇಲ್ಲ ಎಂದರು. ಮಹೇಶ್ವರಪ್ಪ ಏನೂ ಕೇಳದೆ ಮಂಡಿಯ ಹಿಂದಿನ ಗೋದಾಮಿನ ಸಾಲಿನಲ್ಲಿ ಒಂದು ಕೋಣೆಯ ಬೀಗದಕೈ ಕೊಟ್ಟಿದ್ದ. ಕೇಳಲಿಲ್ಲ ಎಂಬುದನ್ನು ಮಾತ್ರ ಬಂದವರ ಮುಂದೆಲ್ಲ ಹೇಳುತ್ತಿದ್ದ. "ನಮ್ಮ ಬೀರಲಿಂಗಪ್ಪ, ಬಹಳ ಸಂಭಾವಿತ. ಯಾವ ಜನ ಅಂತ ನಾನು ಇವತ್ತಿಗೂ ಕೇಳಿಲ್ಲ ನೋಡ್ರಿ." ಬೀರಲಿಂಗಪ್ಪ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತು ನಗುತ್ತಿದ್ದ. ಮಹೇಶ್ವರಪ್ಪನ ಹೆಂಡತಿಯ ತಮ್ಮ ಪುರಸಭೆಯ ಮೆಂಬರು. ಖಾಯಂ ಫೈಲು ಹೋಗುವುದು ಆ ಮೆಂಬರುಗಳ ಮುಂದೆ. ಇಷ್ಟೆಲ್ಲ ಕೈಗೆ ಹೇಗೆ ಗೊತ್ತಾಯಿತು?

ಹೋದ ಸಂತೆಯ ದಿನ ಅವನು ಹೋಟೆಲಿನ ಮುಂದೆ ನಿಂತಿದ್ದ. ಆಲದ ಮರದ ಕೆಳಗೆ ಏಜೆನ್ಸಿಯ ಮೇಜು, ಮೇಜಿನ ಮೇಲೆ ಬ್ಯಾಟರಿಯ ಮೈಕು. ಇದು ವಿರೂಪಾಕ್ಷಪ್ಪ ತಂದ ಹೊಸ ಪದ್ಧತಿ: ಬಾಕಿಯವರ ಹೆಸರನ್ನು ಸಂತೆಯಲ್ಲಿ ಕೂಗುವುದು. ಕೂಗುತ್ತ ಕೂಗುತ್ತಲೇ ಅವನ ಇಬ್ಬರು ಆಳುಗಳು ಒಂದು ಗಾಡಿಯ ಅಚ್ಚಿನ ತುದಿಯ ಕಡಾಣಿ ಕಿತ್ತು ಗಾಲಿ ಕಳಚಿದರು. ಗಾಡಿ ಮಂಡಿಯೂರಿದ ದನದ ಹಾಗೆ ಒಂದು ಕಡೆ ವಾಲಿತು. ಒಳಗೆ ಕೂತಿದ್ದ ಹೆಂಗಸು ಜಾರಿ, ಅವಳ ಮೇಲೆ ಪೊರಕೆಯ ಕಟ್ಟುಗಳು ಜಾರಿ, ಸುತ್ತಲಿನವರು ನಕ್ಕರು. "ಹುಣಸೆಹಟ್ಟಿ ಬೈಲಪ್ಪ, ಆರು ಚೀಟಿ! ಆರು ಸಲ ಪುರಸಭೆ ಕಣ್ಣಿಗೆ ಮಣ್ಣೆರಚಿದ ಮಾರಾಯ ಇವನೇ, ನೋಡ್ಕಳ್ರಪ್ಪ!" ಎಂದಿತು ಮೈಕು. ಬೈಲಪ್ಪ ಹೆಗಲ ಟವೆಲನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಂಡು ಕೈ ಕಟ್ಟಿ ನಿಂತಿದ್ದ, ಆಫೀಸಿನಲ್ಲಿ ನಿಲ್ಲುವ ಹಾಗೆ. ಬೀರಲಿಂಗಪ್ಪ ಜನರನ್ನು ಬಳಸಿಕೊಂಡು ಗಾಡಿಯ ಹಿಂದಕ್ಕೆ ಹೋಗಿ ನಿಂತು ನೋಡಿದ. ಕೊಂಬು ಮುರಿದಿದ್ದುದು ಎಡಗಡೆಯ ಎತ್ತು. ಹಿಂದೆ ನಿಂತು, ಎಡ. ಆಗಲೇ ಗೊತ್ತಾಯಿತು. ಆಗ ಹತ್ತು ಹೆಜ್ಜೆ ನಡೆದು ವಿರೂಪಾಕ್ಷಪ್ಪನ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವನು ಆಫೀಸಿಗೆ ಹೋಗಿ ಗೋಣಿಚೀಲ ಬಿಚ್ಚಿ ಆ ಆರು ಚೀಟಿ ಹುಡುಕಿ, ಬಾಣ ಇಲ್ಲದಿರುವುದನ್ನು ಖಚಿತ ಮಾಡಿಕೊಂಡು, ಮತ್ತೆ ಚೀಲದೊಳಗೇ ಹಾಕಿ ಕಟ್ಟಿದ.

ಡ್ರೈವರು ಬೈದುಕೊಂಡೇ ಗೇಟಿನ ಹತ್ತಿರ ನಿಲ್ಲಿಸಿದ. ಅಲ್ಲಿಂದ ಹತ್ತು ನಿಮಿಷದ ಕಾಲುದಾರಿ. ಬೈಲಪ್ಪನ ಮನೆ ಕೇಳಬೇಕಾಗಲಿಲ್ಲ; ಊರಿನ ಕೊನೆಯ ಸಾಲಿನಲ್ಲಿ, ಗಾಡಿ ಇಲ್ಲದ ಗಾಡಿಯ ಜಾಗವೊಂದು ಕಾಣಿಸಿತು. ಎಣ್ಣೆಯ ಕಲೆ, ಎರಡು ಗಾಲಿಯ ಹಳ್ಳ. ಗಾಡಿ ಇನ್ನೂ ಏಜೆನ್ಸಿಯ ವಶದಲ್ಲೇ ಇತ್ತು. ಜಗಲಿಯ ಮೇಲೆ ಹೆಂಗಸೊಬ್ಬಳು ಈಚಲು ಪೊರಕೆಗಳನ್ನು ಕಟ್ಟುಕಟ್ಟಾಗಿ ಜೋಡಿಸುತ್ತಿದ್ದಳು.

"ಬೈಲಪ್ಪನವರು ಇದ್ದಾರೇನ್ರಿ?"

ಆ 'ನವರು' ಕೇಳಿ ಅವಳು ತಲೆ ಎತ್ತಿದಳು. "ಪುರಸಭೆಯೋರಾ?" ಎಂದಳು. ಹೌದೆಂದ. ಅವಳು ಒಳಗೆ ತಿರುಗಿ, "ಬಂದವ್ರೆ ನೋಡು, ನಿನ್ನ ಇನ್ನೊಂದು ಗಾಲಿ ಕೀಳಾಕೆ" ಎಂದಳು.

ಬೈಲಪ್ಪ ಬಗ್ಗಿ ಬಾಗಿಲು ದಾಟಿ ಬಂದವನು, ಇವನನ್ನು ನೋಡಿದ್ದೇ ಮುಖ ಅರಳಿಸಿದ. "ಓ, ರಾಯರು! ಬರ್ರಿ, ಬರ್ರಿ. ಸುಂಕ್ಲಿ, ಚಾಪೆ ಹಾಕು. ಇವ್ಳ ಮಾತು ಮನಸ್ಸಿಗೆ ಹಚ್ಕಬ್ಯಾಡ್ರಿ, ಬಾಯಿ ಒಂದಿಲ್ಲ ಅಂದಿದ್ರೆ ಇವ್ಳು ಬಂಗಾರ."

"ಬಾಯಿ ಐತೆ ಅಂತಾನೇ ಅರ್ಜಿ ಹೋಗಿದ್ದು. ನಿನ್ನ ನೆಚ್ಕಂಡಿದ್ರೆ ಗಾಡಿ ಜತೆ ಎತ್ತೂ ಕೊಟ್ಟು ಕೈ ಮುಗ್ದು ಬರ್ತಿದ್ದೆ" ಎಂದಳು ಸುಂಕಲಮ್ಮ. ಚಾಪೆ ಹಾಸಿದಳು. ನೀರು ತರಲಿಲ್ಲ.

ಬೈಲಪ್ಪ ತಾನೂ ಕೆಳಗೆ ಕೂತು, ಕಾಗದದ ಮಾತೆತ್ತಲು ಬಿಡದೆ, ಯಾವ ಕಡೆಯವರು, ಏನು ಎತ್ತ ಎಂದು ಕೇಳತೊಡಗಿದ. ಜಗಳೂರು ಎಂದ. ಜಗಳೂರಿನಲ್ಲಿ ಯಾವ ಹಳ್ಳಿ, ಯಾರ ಪೈಕಿ? ಹನ್ನೊಂದು ಮನೆಯವರೂ ಕೇಳಿದ್ದ ಅದೇ ಪ್ರಶ್ನೆಗಳು, ಅದೇ ಕ್ರಮದಲ್ಲಿ. ಬೀರಲಿಂಗಪ್ಪ ಅಭ್ಯಾಸದಂತೆ ತಡವರಿಸಿದ. ಆಮೇಲೆ ಅಪ್ಪನ ಹೆಸರು ಹೇಳಿದ. ಕಲ್ಲಿನ ಗಾಡಿ ಹೊಡೀತಿದ್ದ ಚಿಕ್ಕಹನುಮಂತಪ್ಪ ಎಂದ.

"ಅಯ್ಯಯ್ಯೋ! ಹಂಗಾದ್ರೆ ನಮ್ಮೋರೇ ಅಲ್ಲೇನ್ರೀ!" ಬೈಲಪ್ಪ ತೊಡೆ ತಟ್ಟಿದ. "ಕೇಳಿದೇನೇ? ನಮ್ಮ ಹುಡುಗ, ಆಫೀಸ್ನಾಗೆ ಕುರ್ಚಿ ಮ್ಯಾಲೆ ಕುಂತವ್ನೆ. ನೀರು ತಾ, ಮಜ್ಗೆ ತಾ." ಸುಂಕಲಮ್ಮ ಈಗ ಒಳಗೆ ಹೋಗಿ ಮಜ್ಜಿಗೆ ತಂದಳು. ಬೀರಲಿಂಗಪ್ಪ ಲೋಟ ಕಚ್ಚಿ ಕುಡಿದ. ಐದು ವರ್ಷದಲ್ಲಿ ಯಾರದಾದರೂ ಮನೆಯಲ್ಲಿ ಲೋಟ ಎತ್ತಿ ಕುಡಿಯಬೇಕೋ ಕಚ್ಚಿ ಕುಡಿಯಬೇಕೋ ಎಂದು ಯೋಚಿಸದೆ ಕುಡಿದದ್ದು ಇದೇ ಮೊದಲು.

"ಆ ಪಟ್ಟಿ ಬರ್ದೋರು ಯಾರ್ರೀ?" ಎಂದಳು ಸುಂಕಲಮ್ಮ.

"ನಾನೇ" ಎಂದ. ಹೇಳಿಬಿಟ್ಟೆ ಎಂದುಕೊಂಡ. ಹೇಳಬೇಕಾದ್ದನ್ನು ಹೇಳಿರಲಿಲ್ಲ.

"ನಮ್ಮ ಹುಡುಗ ಬರ್ದಿದ್ದು ಅಂದ್ಮ್ಯಾಲೆ ಮುಗೀತಲ್ಲ" ಎಂದ ಬೈಲಪ್ಪ. "ಬೇರೆಯೋರು ಬರ್ದಿದ್ರೆ ಒಂದು ಅನುಮಾನ. ನಮ್ಮೋನು ನಮಗೆ ಯಾಕೆ ತಪ್ಪು ಬರೀತಾನೆ?"

"ನಾವು ಬಸ್ ಸ್ಟ್ಯಾಂಡಿನ ಹತ್ರ ಗಾಡಿ ಬಿಟ್ಟಿದ್ದೇ ಇಲ್ಲ. ಯಾವತ್ತೂ ಆಲದ ಮರದ ಕೆಳಗೆ. ನೆರಳೈತೆ ಅಂತ."

"ಮರ್ತಿರ್ಬೋದು ಬಿಡೇ. ಒಂದಿನ ಮಳೆ ಬಂದಾಗ ಅಲ್ಲಿ ನಿಲ್ಸಿದ್ದೆ ಅನ್ನಿಸ್ತದೆ."

"ಯಾವ ಮಳೆ? ಯಾವ ದಿನ?"

"ಬಂದಿರ್ತದೆ ಒಂದಿನ."

ಸುಂಕಲಮ್ಮ ಎದ್ದಳು. "ಬರ್ರಿ ಇಲ್ಲಿ" ಎಂದು ಬೀರಲಿಂಗಪ್ಪನನ್ನು ಮನೆಯ ಪಕ್ಕದ ಚಪ್ಪರಕ್ಕೆ ಕರೆದುಕೊಂಡು ಹೋದಳು. ಎತ್ತುಗಳೆರಡೂ ಗೋದಲಿಗೆ ಮುಖ ಮಾಡಿ ನಿಂತಿದ್ದವು. ನೊಗವಿಲ್ಲ, ಗಾಡಿ ಇಲ್ಲ, ಹಗ್ಗ ಉದ್ದವಾಗಿತ್ತು. ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು. ಆದರೂ ಅವು ತಮ್ಮ ತಮ್ಮ ಕಡೆಗೇ ನಿಂತಿದ್ದವು, ನಡುವೆ ಒಂದು ಮೂಕಿಯಷ್ಟು ಜಾಗ ಬಿಟ್ಟು. ಜಗಳೂರಿನ ಮನೆಯಲ್ಲಿ ಅಪ್ಪ ಎತ್ತು ಮಾರಿದ ಮೇಲೂ ಎಡಗಡೆಯ ಗೂಟದ ಹತ್ತಿರ ಕೂರುತ್ತಿರಲಿಲ್ಲ, ಅದು ಅವನ ಜಾಗ ಎನ್ನುತ್ತಿದ್ದ.

"ಹಿಂದೆ ನಿಂತು ಹೇಳ್ರಿ. ಕೊಂಬು ಮುರ್ದಿದ್ದು ಯಾವ ಕಡೆ?"

"ಎಡಗಡೆ."

"ಚೀಟ್ಯಾಗೆ ಏನಂತ ಐತೆ?"

ಬೀರಲಿಂಗಪ್ಪ ಎತ್ತಿನ ಬೆನ್ನು ನೋಡುತ್ತಿದ್ದ. ಅಲ್ಲೊಂದು ನೊಣ ಕೂತಿತ್ತು. ಚರ್ಮ ಅಲ್ಲಿ ಮಾತ್ರ ಅದುರುತ್ತಿತ್ತು. ಚೀಟಿಯಲ್ಲಿ ಏನಿದೆಯೋ ಅದನ್ನೇ ಹೇಳಿದರೆ ಸುಳ್ಳಾಗುವುದಿಲ್ಲ. "ಅದರಲ್ಲೂ ಎಡಗಡೆ ಅಂತಲೇ ಇದೆ" ಎಂದ. ಅಕ್ಷರ ಅಕ್ಷರವೂ ನಿಜ. ಹೇಳಿ ಮುಗಿಸಿದ ಕೂಡಲೇ ಅವನಿಗೆ, ತಾನು ಇಷ್ಟು ದಿನ ಮಾಡಿದ್ದು ಮರೆವಿರಲಿ, ಆಯಾಸವಿರಲಿ, ಈಗ ಮಾಡಿದ್ದಕ್ಕೆ ಬೇರೆ ಹೆಸರಿಲ್ಲ ಎನ್ನಿಸಿತು.

"ನೋಡು, ನಮ್ದೇ" ಎಂದ ಹಿಂದಿನಿಂದ ಬೈಲಪ್ಪ. ಅವನ ದನಿಯಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು.

ಒಪ್ಪಿಗೆ ಪತ್ರವನ್ನು ಜಗಲಿಯ ಮೇಲಿಟ್ಟು ಇಂಕ್ ಪ್ಯಾಡು ತೆರೆದ. ಬೈಲಪ್ಪ ಹೆಬ್ಬೆಟ್ಟನ್ನು ಪಂಚೆಗೆ ಒರೆಸಿಕೊಂಡು ಒತ್ತಿದ. ಕಾಗದದ ಮೇಲೆ ಬರಿಯ ನೀಲಿ ಮೊಟ್ಟೆ ಬಿತ್ತು. ಗೆರೆ ಒಂದೂ ಇಲ್ಲ. ಮತ್ತೆ ಒತ್ತಿದ. ಮತ್ತೆ ಮೊಟ್ಟೆ. "ಇಟ್ಟಿಗೆ ಎಲ್ಲಾ ತಿಂದ್ಹಾಕೈತೆ ರಾಯರೇ" ಎಂದು ನಕ್ಕ. "ಗುರ್ತಿಲ್ಲದ ಮನ್ಷ ಆಗೀನಿ." ಗೆರೆ ಕಾಣದಿದ್ದರೆ ಜಯದೇವಪ್ಪನವರು ಒಪ್ಪುವುದಿಲ್ಲ. ಬೀರಲಿಂಗಪ್ಪ ಅವನ ಹೆಬ್ಬೆಟ್ಟನ್ನು ತನ್ನ ಕೈಯಲ್ಲಿ ಹಿಡಿದು, ಪಕ್ಕದ ಚರ್ಮದಲ್ಲಿ ಉಳಿದಿದ್ದ ನಾಲ್ಕು ಗೆರೆ ಮೂಡುವಂತೆ ಅಂಚಿನಿಂದ ಅಂಚಿಗೆ ಹೊರಳಿಸಿದ. ಆ ಬೆರಳು ಬಿಸಿಯಾಗಿತ್ತು, ಒಣ ಕಟ್ಟಿಗೆಯಷ್ಟು ಹಗುರವಾಗಿತ್ತು, ಎಲ್ಲಿ ಒಯ್ದರೆ ಅಲ್ಲಿಗೆ ಬರುತ್ತಿತ್ತು. ಮೂಡಿತು. ಇವನ ಬೆರಳುಗಳೂ ನೀಲಿಯಾದವು.

ಸಂತೆಯ ಬಸ್ಸಿಗೆ ಸುಂಕಲಮ್ಮನೂ ಹೊರಟಳು. ಗಾಡಿ ಇಲ್ಲದ ಮೇಲೆ ಪೊರಕೆ ಬಸ್ಸಿನಲ್ಲೇ ಹೋಗಬೇಕಲ್ಲ. ಕಂಡಕ್ಟರು ಅದೇ ಬೆಳಗಿನವನು. ಪೊರಕೆಯ ಕಟ್ಟಿಗೆ ಲಗೇಜು ಕೇಳಿದ. ತಾನು ಕೊಡಬೇಕು ಎಂದು ಬೀರಲಿಂಗಪ್ಪ ಜೇಬಿಗೆ ಕೈ ಹಾಕಿದ. ಕೊಟ್ಟರೆ ಯಾಕೆ ಕೊಟ್ಟ ಎಂದು ಅವಳು ಯೋಚಿಸುತ್ತಾಳೆ ಎಂದು ತಡೆದ. ಅಷ್ಟರಲ್ಲಿ ಅವಳು ಸೆರಗಿನ ಗಂಟು ಬಿಚ್ಚಿ ಕೊಟ್ಟಾಗಿತ್ತು. ಸೀಟು ಬಿಟ್ಟುಕೊಟ್ಟ. ಅವಳು ಅದರಲ್ಲಿ ಕೂರದೆ ಕಟ್ಟಿನ ಮೇಲೇ ಕೂತಳು. ಬಹಳ ದೂರ ಬಂದ ಮೇಲೆ, ಕಿಟಕಿಯ ಕಡೆ ನೋಡುತ್ತ, "ಹೆಬ್ಬೆಟ್ಟು ಒತ್ತಿದ್ದಾತಲ್ಲ. ಇನ್ ಮೈಕ್ನಾಗೆ ಹೆಸರು ಕೂಗಾದು ನಿಲ್ಲಿಸ್ತಾರ?" ಎಂದು ಕೇಳಿದಳು.

"ನಿಲ್ಲಿಸಬಹುದು" ಎಂದ. ನಿಲ್ಲಿಸುವುದಿಲ್ಲ. ಒಪ್ಪಿಕೊಂಡವನ ಹೆಸರನ್ನು, ದಂಡ ತೀರುವ ತನಕ, ಇನ್ನೂ ಧೈರ್ಯವಾಗಿ ಕೂಗುತ್ತಾರೆ.

"ಗಾಲಿ ಹೋದ್ರೆ ಹೋಗ್ಲಿ ಕಣ್ರೀ. ಇನ್ನೊಂದು ಮಾಡಿಸ್ಬೋದು. ಈವಯ್ಯ ಮಲಗಿದ್ದೋನು ಎದ್ದು ಕುಂತ್ಕಂತಾನೆ. ನಿಲ್ಸಿದ್ನೇನೋ ಅಂತಾನೆ. ಮೊದ್ಲು ಇಲ್ಲ ಅಂತಿದ್ದ, ಆಮೇಲೆ ಒಂದ್ಸಲ ಅಂದ, ನಿನ್ನೆ ಮೂರು ಸಲ ಅಂದ. ಮಾಡ್ದೇ ಇದ್ದದ್ದನ್ನ ಒಂದೊಂದಾಗಿ ನೆಪ್ಪು ಮಾಡ್ಕಂತಾ ಕುಂತವ್ನೆ. ಇನ್ ನಾಕ್ ದಿನ ಬಿಟ್ರೆ ಆರೂ ನೆಪ್ಪಿಗೆ ಬರ್ತಾವೆ." ಸೆರಗಿನ ಗಂಟನ್ನು ಮತ್ತೆ ಬಿಗಿದುಕೊಂಡು ಅಂದಳು: "ಸಂತ್ಯಾಗೆ ಹೌದು ಅಂದಿದ್ದನ್ನ ಸಂತ್ಯಾಗೇ ಅಲ್ಲ ಅನ್ಬೇಕು. ಇಲ್ಲಾಂದ್ರೆ ಅವನು ನಂಬಾದಿಲ್ಲ. ಅದಕ್ಕೇ ಅರ್ಜಿ ಬರೆಸಿದ್ದು, ಗಾಲಿಗಲ್ಲ."

ಬೀರಲಿಂಗಪ್ಪ ತನ್ನ ನೀಲಿ ಬೆರಳುಗಳನ್ನು ನೋಡಿಕೊಂಡ. ಮಾಡದೇ ಇದ್ದುದನ್ನು ಮಾಡಿದೆನೆಂದು ನೆನಪು ಮಾಡಿಕೊಳ್ಳುತ್ತಿರುವ ಒಬ್ಬ, ಮಾಡಿದ್ದನ್ನು ಮಾಡಲಿಲ್ಲವೆಂದು ಮರೆಯಲು ನೋಡುತ್ತಿರುವ ಇನ್ನೊಬ್ಬ. ಇಬ್ಬರೂ ರಾತ್ರಿ ಎದ್ದು ಕೂರುವವರೇ. ಇಂಥ ಮಾತು ಹೊಳೆದದ್ದಕ್ಕೂ ಅವನಿಗೆ ನಾಚಿಕೆಯಾಯಿತು. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದ ಹಾಗಿತ್ತು.

ಬಸ್ಸು ಇಳಿಯುವಾಗಲೇ ಮೈಕು ಕೇಳುತ್ತಿತ್ತು. ಹೆಸರು, ಊರು, ಚೀಟಿ. ಹೆಸರು, ಊರು, ಚೀಟಿ. ಸ್ಟ್ಯಾಂಡಿನ ಬಾಯಿಗೆ ಸರಿಯಾಗಿ ಮಹೇಶ್ವರಪ್ಪನ ಗಾಡಿ ನಿಂತಿತ್ತು, ಏಳನೆಯ ಸಲವೋ ಎಪ್ಪತ್ತನೆಯ ಸಲವೋ. ಬಲಗಡೆಯ ಎತ್ತು ಮುರಿದ ಕೊಂಬನ್ನು ನೊಗಕ್ಕೆ ಉಜ್ಜುತ್ತಿತ್ತು. ಮಂಡಿಯ ಮೆಟ್ಟಿಲ ಮೇಲೆ ಕೂತಿದ್ದ ಮಹೇಶ್ವರಪ್ಪ ಇವನನ್ನು ನೋಡಿ, "ಏನಪ್ಪಾ, ಬೆಳಿಗ್ಗೇನೇ ಹೋಗಿದ್ಯಲ್ಲ. ಊಟ ಆತಾ?" ಎಂದ. ಅದರಲ್ಲಿ ಕಪಟವಿರಲಿಲ್ಲ. ಆರು ಚೀಟಿಯ ವಿಷಯ ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಯಾರೂ ಅವನನ್ನು ಯಾವತ್ತೂ ಕೇಳಿರಲಿಲ್ಲ. "ಇನ್ನೂ ಇಲ್ಲ" ಎಂದು ಬೀರಲಿಂಗಪ್ಪ ಮುಂದೆ ನಡೆದ. ಎಡಕ್ಕೆ ತಿರುಗಿದರೆ ಪುರಸಭೆ, ನೇರ ಹೋದರೆ ಆಲದ ಮರ. ಆಫೀಸಿಗೇ ಹೋಗುತ್ತಿದ್ದೇನೆ ಎಂದುಕೊಂಡೇ ಅವನು ನೇರ ಹೋದ.

"ಹುಣಸೆಹಟ್ಟಿ ಬೈಲಪ್ಪ, ಆರು ಚೀಟಿ!" ಎಂದ ವಿರೂಪಾಕ್ಷಪ್ಪ ಮೈಕಿನಲ್ಲಿ. ಇವನನ್ನು ನೋಡಿ ಮೈಕು ಕೆಳಗಿಟ್ಟು, "ಬರ್ರಿ ಬರ್ರಿ, ಸಾವಿರ ವರ್ಷ ಆಯುಸ್ಸು ನಿಮ್ಮ ಬೈಲಪ್ಪಂಗೆ. ತಂದ್ರಾ ಹೆಬ್ಬೆಟ್ಟು?" ಎಂದು ಕೈ ಚಾಚಿದ. ಬೀರಲಿಂಗಪ್ಪ ಚೀಲ ತೆರೆಯುವ ಬದಲು ಮೈಕು ಎತ್ತಿಕೊಂಡ. ಅದು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. "ಏನು, ಆಫೀಸಿಂದ ಪ್ರಕಟಣೆನಾ? ಓದ್ರಿ ಓದ್ರಿ, ಪುಕ್ಕಟೆ" ಎಂದು ವಿರೂಪಾಕ್ಷಪ್ಪ ಕುರ್ಚಿಗೆ ಒರಗಿದ.

ಕೈಯಲ್ಲಿ ಕಾಗದವಿರಲಿಲ್ಲ. ಪೆನ್ಸಿಲಿನಲ್ಲಿ ಬರೆದುಕೊಂಡಿರಲಿಲ್ಲ. ಬಾಯಿಗೆ ಬಂದದ್ದು ಆಫೀಸಿನ ಭಾಷೆ. "ಸಾರ್ವಜನಿಕರ ಗಮನಕ್ಕೆ. ಹುಣಸೆಹಟ್ಟಿಯ ಬೈಲಪ್ಪ ಎಂಬುವವರ ಹೆಸರಿನಲ್ಲಿ ನಮೂದಾಗಿರುವ ಆರು ನಿಲುಗಡೆ ಚೀಟಿಗಳು ಅವರ ಗಾಡಿಗೆ ಸಂಬಂಧಪಟ್ಟಿರುವುದಿಲ್ಲ. ಕೊಂಬು ಮುರಿದ ಎತ್ತಿನ ಎಡಬಲದ ವಿಷಯದಲ್ಲಿ ಪಟ್ಟಿಯಲ್ಲಿ ತಪ್ಪಾಗಿರುತ್ತದೆ. ಸದರಿಯವರು ತಪ್ಪಿತಸ್ಥರಲ್ಲ." ಅವನದೇ ದನಿ ಮರದ ಮೇಲಿನ ಹಾರ್ನಿನಿಂದ, ಬೇರೆ ಯಾರೋ ಓದಿದ ಹಾಗೆ, ಮೆಣಸಿನಕಾಯಿಯ ಸಾಲಿನ ಮೇಲೆ, ಬಳೆಯಂಗಡಿಯ ಮೇಲೆ ಹೋಯಿತು. ಸಂತೆ ನಿಲ್ಲಲಿಲ್ಲ. "ಏನಂತೆ?" ಎಂದು ಒಬ್ಬಳು ತಕ್ಕಡಿ ಹಿಡಿದೇ ಕೇಳಿದಳು. "ಯಾವ್ದೋ ಎತ್ತು ಕಳ್ದೈತಂತೆ. ಕೊಂಬು ಮುರ್ದಿದ್ದಂತೆ" ಎಂದು ಪಕ್ಕದವನು ಹೇಳಿದ. "ಪಾಪ" ಎಂದು ಅವಳು ತೂಗಿದಳು.

"ಏನ್ರೀ ಇದು?" ವಿರೂಪಾಕ್ಷಪ್ಪನ ಮುಖದ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಜಯದೇವಪ್ಪನವರು ಹೇಳಿದ್ರಾ ಇದನ್ನ? ಅಲ್ರೀ, ಶುಕ್ರವಾರ ನಿಮ್ಮ ಫೈಲು ಐತೆ ಅಂತ ಅವರು ನನಗೂ ಹೇಳಿದ್ರಲ್ಲ!"

ಬೀರಲಿಂಗಪ್ಪ ಮೈಕನ್ನು ಮೇಜಿನ ಮೇಲಿಟ್ಟ. ಮುಗಿಯಿತು, ಹೇಳಿದೆ, ಎಂದುಕೊಂಡ. ತಿರುಗಿದರೆ ಸುಂಕಲಮ್ಮ ಪೊರಕೆಯ ಕಟ್ಟನ್ನು ತಲೆಯ ಮೇಲೆ ಹೊತ್ತುಕೊಂಡೇ ನಿಂತಿದ್ದಳು. ಅವಳ ಮುಖದಲ್ಲಿ ಸಂತೋಷ ಹುಡುಕಿದ. ಇರಲಿಲ್ಲ.

"ಯಾರು ಮಾಡಿದ್ದು ಅಂತ ಹೇಳ್ಲಿಲ್ಲ ನೀವು" ಎಂದಳು. ದನಿ ಜೋರಿರಲಿಲ್ಲ. "ನಾನು ಮನೆಗೆ ಹೋಗಿ ಈವಯ್ಯಂಗೆ ಏನಂತ ಹೇಳ್ಲಿ? ತಪ್ಪು ತಾನಾಗೇ ಆತಂತೆ ಅಂತ ಹೇಳ್ಲಾ? ನಂಬ್ತಾನಾ?"

ಅವನು ಅವಳನ್ನು ನೋಡಿದ. ಅವಳಿಗೆ ಚಪ್ಪರದಲ್ಲೇ ಗೊತ್ತಾಗಿತ್ತೋ, ಈಗ ಗೊತ್ತಾಯಿತೋ ತಿಳಿಯಲಿಲ್ಲ. ತಪ್ಪಾಯಿತು ಅನ್ನಬೇಕೋ, ಬೇಕೆಂದೇ ಮಾಡಿದೆ ಅನ್ನಬೇಕೋ, ಅದೂ ಅವನಿಗೆ ಇನ್ನೂ ತಿಳಿದಿರಲಿಲ್ಲ. ಅದು ತಿಳಿಯುವ ತನಕ ಕಾದರೆ ಹುಣಸೆಹಟ್ಟಿಯಲ್ಲಿ ಒಬ್ಬನಿಗೆ ಆರೂ ನೆನಪಿಗೆ ಬಂದಿರುತ್ತವೆ. ರಸ್ತೆಯ ಆಚೆ ಮಹೇಶ್ವರಪ್ಪ ಮೆಟ್ಟಿಲಿನಿಂದ ಎದ್ದು, ಹಣೆಗೆ ಕೈ ಅಡ್ಡ ಹಿಡಿದು ಈ ಕಡೆಗೇ ನೋಡುತ್ತಿದ್ದ. ಅವನ ಹಿಂದೆ ಗೋದಾಮಿನ ಸಾಲಿನ ಕೊನೆಯ ಬಾಗಿಲು ಕಾಣುತ್ತಿತ್ತು, ಅದರ ಬೀಗ ಬೀರಲಿಂಗಪ್ಪ ಬೆಳಿಗ್ಗೆ ಎರಡು ಸಲ ಎಳೆದು ನೋಡಿ ಬಂದದ್ದು.

ವಿರೂಪಾಕ್ಷಪ್ಪ ಮೈಕಿನ ಮೇಲೆ ಕೈ ಇಡುವ ಮೊದಲು ಅವನೇ ಅದನ್ನು ಎತ್ತಿಕೊಂಡ. ಹಿಡಿಯ ಮೇಲೆ ಆಗಲೇ ಅವನ ಬೆರಳುಗಳ ನೀಲಿ ಗುರುತು ಬಿದ್ದಿತ್ತು, ಗೆರೆ ಗೆರೆಯಾಗಿ, ಸ್ಪಷ್ಟವಾಗಿ.

"ನನ್ನ ಹೆಸರು ಬೀರಲಿಂಗಪ್ಪ" ಎಂದ. ಮೈಕು ಕೀರೆಂದು ಕಿರುಚಿತು. ತಕ್ಕಡಿಯವಳು ತಲೆ ಎತ್ತಿದಳು. ಅವನು ಅದನ್ನು ಬಾಯಿಯಿಂದ ಸ್ವಲ್ಪ ದೂರ ಹಿಡಿದು, ಮತ್ತೆ ಮೊದಲಿನಿಂದ ಹೇಳಿದ.